ನರ್ಸಿಂಗ್ ಸಂಶೋಧನೆಯ ಪ್ರಶ್ನೆ ವಾರ್ಡಿನಲ್ಲೇ ಹುಟ್ಟಲಿ

ಮಾನ್ಯ ಸಂಪಾದಕರೇ,

ರಾಜ್ಯದ ನರ್ಸಿಂಗ್ ಕಾಲೇಜುಗಳ ಗ್ರಂಥಾಲಯಗಳಲ್ಲಿ ಎಂ.ಎಸ್ಸಿ. ಡಿಸರ್ಟೇಶನ್‌ಗಳ (ಸಂಶೋಧನಾ ಪ್ರಬಂಧಗಳ) ಕಪಾಟು ತೆರೆದು ನೋಡಿದರೆ ಬಹುಪಾಲು ಶೀರ್ಷಿಕೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ: ಇಂಥ ವಿಷಯದ ಬಗ್ಗೆ ಇಂಥವರ ಅರಿವಿನ ಮೇಲೆ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂನ ಪರಿಣಾಮ. ವಿಧಾನವೂ ಒಂದೇ. ಕೈಗೆ ಸಿಕ್ಕ 60 ಜನ, 30 ಪ್ರಶ್ನೆಗಳ ಪ್ರೀಟೆಸ್ಟ್, ಮುಕ್ಕಾಲು ಗಂಟೆಯ ಪಾಠ, ಏಳನೇ ದಿನ ಅದೇ ಪ್ರಶ್ನೆಗಳ ಪೋಸ್ಟ್‌ಟೆಸ್ಟ್, ಎರಡೂ ಸಲದ ಅಂಕಗಳನ್ನು ಹೋಲಿಸುವ ಪೇರ್ಡ್ ಟಿ-ಟೆಸ್ಟ್, ಪಿ ಮೌಲ್ಯ (ವ್ಯತ್ಯಾಸ ಆಕಸ್ಮಿಕವೇ ಎಂದು ತೂಗುವ ಅಂಕಿ) 0.05ಕ್ಕಿಂತ ಕಡಿಮೆ, ಪಾಠ ಪರಿಣಾಮಕಾರಿ ಎಂಬ ತೀರ್ಮಾನ.

ಅಂಕ ಏರದೆ ಇನ್ನೇನಾದೀತು? ಪ್ರಶ್ನೆಗಳನ್ನು ಒಮ್ಮೆ ನೋಡಿಯಾಗಿದೆ, ಉತ್ತರ ಪಾಠದಲ್ಲೇ ಸಿಕ್ಕಿದೆ, ಹೋಲಿಸಲು ಇನ್ನೊಂದು ಗುಂಪಿಲ್ಲ. ಕೈ ತೊಳೆಯಬೇಕಾದ ಐದು ಸಂದರ್ಭಗಳನ್ನು ಶುಶ್ರೂಷಾಧಿಕಾರಿ ತಪ್ಪಿಲ್ಲದೆ ಬರೆದರು ಎಂದರೆ ರಾತ್ರಿ ಪಾಳಿಯಲ್ಲಿ ತುಂಬಿದ ವಾರ್ಡಿನಲ್ಲಿ ಅವರು ಕೈ ತೊಳೆದರು ಎಂದಲ್ಲ. ರೋಗಿಗೆ ಸೋಂಕು ಕಡಿಮೆಯಾಯಿತೇ ಎಂಬುದಂತೂ ಇನ್ನೂ ದೂರದ ಮಾತು. ಎರಡು ವರ್ಷದ ಸ್ನಾತಕೋತ್ತರ ಓದಿನ ಅತಿ ದೊಡ್ಡ ಕೆಲಸ ಹೀಗೆ ಅಂಕಪಟ್ಟಿಯಲ್ಲೇ ನಿಂತುಹೋಗುವುದು ನಮಗೆ ನೋವಿನ ವಿಷಯ.

ಪಠ್ಯಕ್ರಮದಲ್ಲಿ ಸಮಯಕ್ಕೆ ಕೊರತೆಯಿಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರಕ್ಕೆ 150 ಗಂಟೆ ಥಿಯರಿ, 100 ಗಂಟೆ ಪ್ರಾಯೋಗಿಕ ತರಬೇತಿ ಇಟ್ಟಿದೆ. ಆದರೆ ಸಂಶೋಧನೆಯ ರೂಪರೇಷೆಯಾದ ಸಿನಾಪ್ಸಿಸ್ ಅನ್ನು ಮೊದಲ ವರ್ಷದೊಳಗೇ ಸಲ್ಲಿಸಬೇಕು. ಸಾಕ್ಷ್ಯ ಹುಡುಕುವುದನ್ನು, ತೂಗಿ ನೋಡುವುದನ್ನು ಕಲಿಯುವ ಮೊದಲೇ ಶೀರ್ಷಿಕೆ ಬೇಕಾಗುತ್ತದೆ. ಆಗ ಸೀನಿಯರ್‌ಗಳ ಹಳೆಯ ಶೀರ್ಷಿಕೆಯಲ್ಲಿ ರೋಗದ ಹೆಸರೊಂದು ಬದಲಾಗುತ್ತದೆ. ಪ್ರಾಯೋಗಿಕ ಗಂಟೆಗಳನ್ನು ಮೊದಲ ಮೂರು ತಿಂಗಳಲ್ಲೇ ಹುಡುಕಾಟಕ್ಕೆ ಕೊಟ್ಟರೆ ಈ ತೊಂದರೆ ಅರ್ಧ ತಗ್ಗುತ್ತದೆ.

ವಾರ್ಡಿನ ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ರಕ್ತನಾಳಕ್ಕೆ ಔಷಧ, ದ್ರವ ಕೊಡಲು ಹಾಕುವ ಸಣ್ಣ ಕೊಳವೆಯಾದ ಐವಿ ಕ್ಯಾನುಲಾವನ್ನು 72 ಗಂಟೆಗೊಮ್ಮೆ ಬದಲಿಸಲೇಬೇಕೇ, ತೊಂದರೆಯ ಲಕ್ಷಣ ಕಂಡಾಗ ಬದಲಿಸಿದರೆ ಸಾಕೇ? ಪ್ರಶ್ನೆಯನ್ನು ನಾಲ್ಕು ಭಾಗವಾಗಿ ಬಿಡಿಸುವ ಪೈಕೊ ಚೌಕಟ್ಟಿಗೆ ಇದನ್ನು ತಂದರೆ: ರೋಗಿಗಳು – ಮೆಡಿಕಲ್ ವಾರ್ಡಿನ ವಯಸ್ಕರು; ಕ್ರಮ – ಲಕ್ಷಣ ಕಂಡಾಗ ಬದಲಾವಣೆ; ಹೋಲಿಕೆ – 72 ಗಂಟೆಯ ನಿಯಮ; ಫಲಿತ – ಫ್ಲೆಬೈಟಿಸ್ (ರಕ್ತನಾಳದ ಉರಿಯೂತ), ರಕ್ತದ ಸೋಂಕು, ಬಳಸಿದ ಕ್ಯಾನುಲಾಗಳ ಸಂಖ್ಯೆ. ಫ್ಲೆಬೈಟಿಸ್ ಅಳೆಯಲು 0ಯಿಂದ 5ರವರೆಗಿನ ವಿಐಪಿ (ವಿಶುವಲ್ ಇನ್‌ಫ್ಯೂಷನ್ ಫ್ಲೆಬೈಟಿಸ್) ಸ್ಕೋರ್ ಇದೆ. ನೋವು, ಕೆಂಪು, ಊತ ಇವುಗಳಲ್ಲಿ ಎರಡು ಕಂಡರೆ ಸ್ಕೋರ್ 2. ಕ್ಯಾನುಲಾ ತೆಗೆದು ಬೇರೆ ಕಡೆ ಹಾಕಬೇಕು.

ಮುಂದಿನದು ಹುಡುಕಾಟ. ಇಡೀ ಶೀರ್ಷಿಕೆಯನ್ನು ಗೂಗಲ್‌ಗೆ ಹಾಕಿ ಮೊದಲ ಹತ್ತು ಕೊಂಡಿಗಳ ಸಾರಾಂಶಗಳನ್ನು ಒಂದರ ಕೆಳಗೊಂದು ಅಂಟಿಸುವುದನ್ನು ಸಾಹಿತ್ಯ ವಿಮರ್ಶೆ ಎನ್ನಲಾಗದು. ಪೈಕೊದ ಪ್ರತಿ ಭಾಗಕ್ಕೂ ಸಮಾನಾರ್ಥಕ ಪದಗಳನ್ನು ಪಟ್ಟಿ ಮಾಡಿ, ಅವುಗಳ ನಡುವೆ ‘ಆರ್’ ಹಾಕಿ, ಭಾಗಗಳ ನಡುವೆ ‘ಆ್ಯಂಡ್’ ಹಾಕಿ, ವೈದ್ಯಕೀಯ ಲೇಖನಗಳ ಕೋಶವಾದ ಪಬ್‌ಮೆಡ್‌ನ ಮೆಶ್ ಪದಗಳನ್ನೂ (ವಿಷಯವಾರು ಸೂಚಿಪದಗಳನ್ನೂ) ಸೇರಿಸಬೇಕು. ಹುಡುಕಿದ ದಿನಾಂಕ, ಸಿಕ್ಕ ಲೇಖನಗಳ ಸಂಖ್ಯೆ, ಬಿಟ್ಟಿದ್ದಕ್ಕೆ ಕಾರಣ ಇಷ್ಟನ್ನೂ ಬರೆದಿಡಬೇಕು. ಮೊದಲು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ವಿಮರ್ಶೆ, ಆಮೇಲೆ ಮಾರ್ಗಸೂಚಿ, ಕೊನೆಗೆ ಬಿಡಿ ಅಧ್ಯಯನಗಳು.

ಹೀಗೆ ಹುಡುಕಿದವರಿಗೆ 2012ರ ಲ್ಯಾನ್ಸೆಟ್ ಪತ್ರಿಕೆಯ ಟ್ರಯಲ್ (ರೋಗಿಗಳನ್ನು ಗುಂಪುಗಳಾಗಿ ಹಂಚಿ ಎರಡೂ ಕ್ರಮಗಳನ್ನು ಹೋಲಿಸುವ ಪ್ರಯೋಗ) ಸಿಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 3,283 ರೋಗಿಗಳ ಮೇಲೆ ನಡೆದ ಅಧ್ಯಯನವದು; ಎರಡೂ ಗುಂಪುಗಳಲ್ಲಿ ಫ್ಲೆಬೈಟಿಸ್ ಶೇ 7. ಅದರ ನೇತೃತ್ವ ವಹಿಸಿದ ಕ್ಲೇರ್ ರಿಕಾರ್ಡ್ ನರ್ಸ್ ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು. ಆದರೆ ಇಲ್ಲಿಗೇ ನಿಲ್ಲುವಂತಿಲ್ಲ. ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ನಿಯಮಿತ ಬದಲಾವಣೆ ಕೈಬಿಟ್ಟ ಅವಧಿಯಲ್ಲಿ ಕ್ಯಾನುಲಾದಿಂದ ಬರುವ ರಕ್ತದ ಸೋಂಕು ಹೆಚ್ಚಿತೆಂದು 2021ರ ವರದಿ ಹೇಳುತ್ತದೆ. ಒಂದು ಟ್ರಯಲ್, ಇನ್ನೊಂದು ವೀಕ್ಷಣಾ ಅಧ್ಯಯನ. ಒಂದು ಸಾಮಾನ್ಯ ತೊಂದರೆಯನ್ನು ಅಳೆದರೆ ಇನ್ನೊಂದು ಅಪರೂಪದ, ಆದರೆ ಅಪಾಯದ ತೊಂದರೆಯನ್ನು ಅಳೆದಿದೆ. ಲಕ್ಷಣ ಕಂಡಾಗ ಬದಲಿಸುವುದೆಂದರೆ ಪ್ರತಿ ಪಾಳಿಯಲ್ಲೂ ಯಾರಾದರೂ ಕ್ಯಾನುಲಾ ಹಾಕಿದ ಜಾಗವನ್ನು ನೋಡಲೇಬೇಕು. ನಮ್ಮ ವಾರ್ಡಿನ ಸಿಬ್ಬಂದಿ ಬಲದಲ್ಲಿ ಅದು ಆಗುತ್ತದೆಯೇ? ಸಾಕ್ಷ್ಯಾಧಾರಿತ ಶುಶ್ರೂಷೆ ಶುರುವಾಗುವುದೇ ಈ ಪ್ರಶ್ನೆಯಿಂದ.

ಇಂಥ ಪ್ರಶ್ನೆಗಳಿಗೆ ವಾರ್ಡಿನಲ್ಲಿ ಬರವಿಲ್ಲ. ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಸರಿಯಾದ ಜಾಗದಲ್ಲಿದೆಯೇ ಎಂದು ತಿಳಿಯಲು ಅದಕ್ಕೆ ಗಾಳಿ ಬಿಟ್ಟು ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳುವುದನ್ನು ನೆಚ್ಚಬಾರದೆಂದು ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ 2005ರಲ್ಲೇ ಎಚ್ಚರಿಸಿತು; ಹೀರಿ ತೆಗೆದ ದ್ರವದ ಪಿಎಚ್ 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಸಂಶಯವಿದ್ದರೆ ಎಕ್ಸ್‌ರೇ. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಪಡೆಯುತ್ತಿರುವವರಲ್ಲಿ ಪಿಎಚ್ ಏರಿರಬಹುದು ಎಂಬುದೂ ತಿಳಿದಿರಬೇಕು. ಎಲುಬು ಉಬ್ಬಿರುವ ಕಡೆ ಕೆಂಪಾದ ಚರ್ಮವನ್ನು ಸ್ಪಿರಿಟ್ ಹಚ್ಚಿ ಉಜ್ಜುವ ಅಭ್ಯಾಸವೂ ಹಾಗೆಯೇ. ಬೆಡ್‌ಸೋರ್ ಮಾರ್ಗಸೂಚಿಗಳು ಅದನ್ನು ಬೇಡವೆನ್ನುತ್ತವೆ.

ಸ್ಯಾಂಪಲ್‌ನಲ್ಲಿ ಆಗುವ ಎಡವಟ್ಟು ದೊಡ್ಡದು. ಫ್ಲೆಬೈಟಿಸ್ ಶೇ 30ರಿಂದ ಶೇ 15ಕ್ಕೆ ಇಳಿಯುವುದನ್ನು ಶೇ 80 ಪವರ್‌ನಲ್ಲಿ (ನಿಜವಾದ ವ್ಯತ್ಯಾಸವನ್ನು ಹಿಡಿಯುವ ಸಾಧ್ಯತೆ), ಪಿ ಮೌಲ್ಯದ 0.05 ಮಟ್ಟದಲ್ಲಿ ಪತ್ತೆ ಹಚ್ಚಲು ಪ್ರತಿ ಗುಂಪಿಗೆ ಸುಮಾರು 118 ಜನ ಬೇಕು. ಶೇ 10ರಷ್ಟು ಜನ ನಡುವೆ ಬಿಟ್ಟುಹೋಗುವರೆಂದರೆ 131. ಇಲ್ಲಿ 30-30 ಜನರನ್ನು ತೆಗೆದುಕೊಂಡರೆ ನಿಜವಾದ ವ್ಯತ್ಯಾಸವೂ ಕಣ್ಣಿಗೆ ಬೀಳದೆ ಹೋಗಬಹುದು. ಓಪನ್‌ಎಪಿ ಎಂಬ ಉಚಿತ ತಂತ್ರಾಂಶದಲ್ಲಿ ಈ ಲೆಕ್ಕಕ್ಕೆ ಐದು ನಿಮಿಷ ಸಾಕು. ಒಬ್ಬರಿಂದ ಅಷ್ಟು ಜನ ಆಗದಿದ್ದರೆ ಇಬ್ಬರು ಮೂವರು ವಿದ್ಯಾರ್ಥಿಗಳು ಒಂದೇ ಪ್ರೊಟೊಕಾಲ್‌ನಲ್ಲಿ ಬೇರೆ ಬೇರೆ ಆಸ್ಪತ್ರೆಗಳಲ್ಲಿ ದುಡಿಯಲಿ. ಆಗ ವಿಐಪಿ ಸ್ಕೋರನ್ನು ಎಲ್ಲರೂ ಒಂದೇ ರೀತಿ ಕೊಡುತ್ತಾರೆಯೇ ಎಂದು, ಅಳೆಯುವವರ ನಡುವಿನ ಹೊಂದಾಣಿಕೆ ತೋರಿಸುವ ಕಪ್ಪಾ ಮೌಲ್ಯದಿಂದ ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಟ್ರಯಲ್ ಆದರೆ ಎಥಿಕ್ಸ್ ಕಮಿಟಿ ಒಪ್ಪಿಗೆಯ ಜತೆಗೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್ ದಾಖಲಾತಿ) ನೋಂದಣಿಯೂ ಆಗಬೇಕು. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ನೋಂದಾಯಿಸಬೇಕೆಂಬ ನಿಯಮವಿದೆ. ಇದಕ್ಕೆ ಶುಲ್ಕವಿಲ್ಲ. ಆದರೂ ಡೇಟಾ ಸಂಗ್ರಹ ಮುಗಿಸಿ ಆಮೇಲೆ ಹೋಗುವವರಿದ್ದಾರೆ. ಆಗ ಬಾಗಿಲು ಮುಚ್ಚಿರುತ್ತದೆ, ಒಳ್ಳೆಯ ಜರ್ನಲ್‌ಗಳೂ ಲೇಖನ ತೆಗೆದುಕೊಳ್ಳುವುದಿಲ್ಲ.

ಓದುವ ಸಾಮಗ್ರಿಯ ವಿಷಯವನ್ನೂ ಹೇಳಬೇಕು. 2025ರ ಜನವರಿಯಲ್ಲಿ ಶುರುವಾದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಡಿ ಸಂಶೋಧನಾ ಪತ್ರಿಕೆಗಳನ್ನು ಓದುವ ಅವಕಾಶ ಇರುವುದು ಸರ್ಕಾರಿ ಸಂಸ್ಥೆಗಳಿಗೆ. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಹೆಚ್ಚಿನವು ಖಾಸಗಿ. ಅಲ್ಲಿನ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯ ಜಾಲವಾದ ಹೆಲಿನೆಟ್ಟೇ ಗತಿ. ಅದರ ಬಳಕೆಯನ್ನು ಮೊದಲ ವಾರದಲ್ಲೇ ಕಂಪ್ಯೂಟರ್ ಮುಂದೆ ಕೂರಿಸಿ ಕಲಿಸಬೇಕು.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ನಮ್ಮ ವಿನಂತಿ ಇಷ್ಟೇ. ಸಿನಾಪ್ಸಿಸ್ ನಮೂನೆಯಲ್ಲಿ ಹುಡುಕಾಟದ ದಾಖಲೆಯನ್ನೂ ಸ್ಯಾಂಪಲ್ ಲೆಕ್ಕವನ್ನೂ ಕಡ್ಡಾಯ ಮಾಡಲಿ. ಅರಿವಿನ ಅಂಕವೊಂದೇ ಫಲಿತವಾಗಿರುವ ಶೀರ್ಷಿಕೆಗಳನ್ನು ತಿದ್ದಲು ಹಿಂದಿರುಗಿಸಲಿ. ವಾರ್ಡಿನಲ್ಲಿ ನಾಲ್ಕು ವಾರ ಆಡಿಟ್ (ರೂಢಿಯಲ್ಲಿರುವ ಕ್ರಮದ ಪರಿಶೀಲನೆ), ತೊಡಕುಗಳ ಗುರುತು, ಬದಲಾವಣೆ, ಮತ್ತೆ ನಾಲ್ಕು ವಾರ ಆಡಿಟ್ ಎಂಬ ಅನುಷ್ಠಾನ ಯೋಜನೆಯನ್ನೂ ಡಿಸರ್ಟೇಶನ್ ಎಂದು ಒಪ್ಪಲಿ. ವ್ಯತ್ಯಾಸ ಕಾಣಲಿಲ್ಲವೆಂಬ ಫಲಿತಾಂಶಕ್ಕೆ ವೈವಾದಲ್ಲಿ ಅಂಕ ಕಡಿಯದಂತೆ ಪರೀಕ್ಷಕರಿಗೆ ಬರಹದಲ್ಲಿ ಸೂಚಿಸಲಿ. ಮಾಹಿತಿ ಕೊಟ್ಟ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಒಂದು ಪುಟದ ಕನ್ನಡ ಸಾರಾಂಶ ತಲುಪಿಸಿದ ರಸೀದಿ ಇಲ್ಲದೆ ಅಂತಿಮ ಪ್ರತಿಯನ್ನು ಸ್ವೀಕರಿಸದಿರಲಿ.

ಇಂತಿ,
ನರ್ಸಿಂಗ್ ಸ್ನಾತಕೋತ್ತರ ವಿಭಾಗದ ಬೋಧಕರು, ದಾವಣಗೆರೆ