ಹತ್ತು ವರ್ಷದ ಗ್ರೀನ್ ಕಾರ್ಡ್ ಬಂತು, ಅಕ್ಕ

ಸೋಮವಾರದ ಅಂಚೆಯಲ್ಲಿ ನನ್ನ ಗಂಡನ ಹತ್ತು ವರ್ಷದ ಗ್ರೀನ್ ಕಾರ್ಡ್, ಅಂದರೆ ಅಮೆರಿಕದಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿ, ಬಂತು. ಅಮೆರಿಕಕ್ಕೆ ಬಂದಾಗ, ಮದುವೆ ನಿಜವೆಂದು ಮತ್ತೆ ತೋರಿಸಬೇಕಾದ ಎರಡು ವರ್ಷದ ಷರತ್ತಿನ ಕಾರ್ಡ್ ಪಡೆದವನಿಗೆ ಇನ್ನು ಷರತ್ತಿಲ್ಲ. ಆನ್‌ಲೈನ್‌ನಲ್ಲಿ ಹೇಗೆ ಪರಿಚಯವಾದೆವು, ಫಿಲಿಪ್ಪೀನ್ಸ್‌ನಲ್ಲಿ ಹೇಗೆ ಮದುವೆಯಾದೆವು, ಸಂಗಾತಿಯನ್ನು ಕರೆಸಿಕೊಳ್ಳುವ ಐ-130 ಅರ್ಜಿ ಹಾಕಿ ಹೇಗೆ ಕಾದೆವು ಎಂಬುದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ.

ನಮ್ಮ ಮದುವೆ ನಿಜವೆಂದು ಪ್ರಮಾಣ ಮಾಡಿ ಪತ್ರ ಬರೆದುಕೊಟ್ಟ ಗೆಳತಿಯರಿಗೆ, ವಿದೇಶಿ ಸಂಗಾತಿಯ ಬಳಿಗೆ ಹೊರಡುವವರಿಗೆ ಅಲ್ಲಿನ ಸರ್ಕಾರ ನಡೆಸುವ ಸಮಾಲೋಚನೆಗೆ ಅವನ ಜೊತೆ ಬಾಗಿಲವರೆಗೆ ಹೋದ ಅವನ ಸೋದರತ್ತೆಗೆ, ವಿಮಾನ ನಿಲ್ದಾಣಕ್ಕೆ ಕಾರು ತಂದ ಸಹಪಾಠಿಗೆ, ಮನೆಯಲ್ಲಿ ಎಲ್ಲರ ಮುಂದೆ ನನ್ನ ಪರ ಮಾತನಾಡಿದ ತಮ್ಮನಿಗೆ ಮನಸಾರೆ ವಂದನೆಗಳು.

ಇನ್ನು ಅಕ್ಕ. ಒಡಹುಟ್ಟಿದವರಲ್ಲ, ಹಿಂದೊಮ್ಮೆ ಒಂದೇ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆವು, ಅಷ್ಟೇ. ಅವರ ಬಗ್ಗೆ ಒಂದು ಸಾಲಿನಲ್ಲಿ ಹೇಳಿ ಮುಗಿಸಲು ನನ್ನಿಂದ ಆಗುವುದಿಲ್ಲ.

ಬೇಸಿಗೆಯಲ್ಲಿ ಅಮೆರಿಕದ ಪೂರ್ವ ಕರಾವಳಿಗೂ ಮನಿಲಾಕ್ಕೂ ಸರಿಯಾಗಿ ಹನ್ನೆರಡು ಗಂಟೆಗಳ ಅಂತರ. ಅವನು ಬೆಳಿಗ್ಗೆ ವೀಸಾ ಸಂದರ್ಶನಕ್ಕೆ ಸರತಿಯಲ್ಲಿ ನಿಂತಾಗ ನನಗಿಲ್ಲಿ ರಾತ್ರಿ. ಹೊರಗೆ ಬಂದು ಕರೆ ಮಾಡಿದವನಿಗೆ ಮಾತೇ ಹೊರಡಲಿಲ್ಲ. ಕೈಗೆ ಕೊಟ್ಟ ಚೀಟಿಯ ಚಿತ್ರ ಕಳುಹಿಸಿದ: ಸೆಕ್ಷನ್ 221(ಜಿ). ನನ್ನ ಜೊತೆ ಅವನ ಖರ್ಚಿಗೆ ಹೊಣೆ ನಿಲ್ಲುವ ಜಂಟಿ ಪ್ರಾಯೋಜಕರೊಬ್ಬರ ಅಫಿಡವಿಟ್ (ಐ-864 ನಮೂನೆ) ಬೇಕು, ಸಂಬಂಧಕ್ಕೆ ಇನ್ನಷ್ಟು ಪುರಾವೆ ಬೇಕು, ಅಲ್ಲಿಯವರೆಗೆ ವೀಸಾ ಇಲ್ಲ. ಪ್ರಾಯೋಜಕರ ಆದಾಯ ಫೆಡರಲ್ ಬಡತನ ಮಾನದಂಡದ ಶೇ. 125ರಷ್ಟಾದರೂ ಇರಬೇಕು. ಅರ್ಜಿ ಹಾಕಿದ ಮೇಲೆ ನಾನು ಓದಿಗೆ ಮರಳಿದ್ದೆ. ಅರೆಕಾಲಿಕ ಸಂಬಳ ಅಷ್ಟನ್ನು ಮುಟ್ಟುತ್ತಿರಲಿಲ್ಲ.

ನಾನು ಅಕ್ಕನಿಗೆ ಫೋನ್ ಮಾಡಿದ್ದು ಅಳುವುದಕ್ಕೆ, ಸಹಾಯ ಕೇಳುವುದಕ್ಕಲ್ಲ. ಅವರು ಅರ್ಧ ಗಂಟೆಯಲ್ಲಿ ಬಾಗಿಲಲ್ಲಿದ್ದರು. ಸಮಾಧಾನದ ಮಾತು ಆಡಲಿಲ್ಲ. ಚೀಟಿಯನ್ನು ಎರಡು ಬಾರಿ ಓದಿ, "ಐ-864ರ ಸೂಚನೆಗಳನ್ನು ತೆಗೆ" ಎಂದರು. ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದರು. ಸಹಿ ಹಾಕಿದವರು ಅವನ ಜೀವನಾಧಾರಕ್ಕೆ ಸರ್ಕಾರದೆದುರು ಹೊಣೆ. ಅವನು ಪೌರನಾಗುವವರೆಗೆ, ಇಲ್ಲವೇ 40 ತ್ರೈಮಾಸಿಕಗಳ ದುಡಿಮೆ ಅವನ ಲೆಕ್ಕಕ್ಕೆ ಸೇರುವವರೆಗೆ, ಅಂದರೆ ಸುಮಾರು ಹತ್ತು ವರ್ಷ, ಆ ಹೊಣೆ ಉಳಿಯುತ್ತದೆ. ವಿಚ್ಛೇದನವಾದರೂ ತಪ್ಪುವುದಿಲ್ಲ.

ಆ ಸಾಲು ಬಂದಾಗ ನಾನು ತಡೆದೆ. "ಅಕ್ಕ, ನೀವು ಅವನನ್ನು ಫೋನಿನ ಪರದೆಯಲ್ಲಿ ಬಿಟ್ಟು ನೋಡಿದವರೇ ಅಲ್ಲ. ನಾಳೆ ನಾವಿಬ್ಬರು ಬೇರೆಯಾದರೂ ನೀವು ಸಿಕ್ಕಿಕೊಂಡಿರುತ್ತೀರಿ" ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಅದನ್ನು ನಾನು ಯೋಚಿಸಬೇಕು, ಯೋಚಿಸಿದ್ದೇನೆ. ನೀನು ಪುರಾವೆಗಳನ್ನು ತೆಗೆ" ಎಂದರು.

ಪುರಾವೆ ಎಂದರೆ ನಮ್ಮ ಸಂದೇಶಗಳು, ಕರೆಗಳ ಪಟ್ಟಿ, ಟಿಕೆಟ್‌ಗಳು, ಫೋಟೋಗಳು. ನಾಲ್ಕು ಗೋಡೆಗಳ ನಡುವೆ ಇರಬೇಕಾದ ಮಾತುಗಳನ್ನು ಮುದ್ರಿಸಿ ಅಪರಿಚಿತ ಅಧಿಕಾರಿಯ ಮುಂದೆ ಇಡಬೇಕಿತ್ತು. ಅಕ್ಕ ಪ್ರತಿ ಪುಟದ ಮೇಲ್ಭಾಗದ ದಿನಾಂಕವನ್ನಷ್ಟೇ ಕಾಣುವಂತೆ ಉಳಿದದ್ದನ್ನು ಬಿಳಿ ಹಾಳೆಯಿಂದ ಮುಚ್ಚಿಕೊಂಡು ಜೋಡಿಸಿದರು. ಒಂದು ಸಾಲನ್ನೂ ಓದಲಿಲ್ಲ. ನಾನು ಬೇಡವೆನ್ನುವ ಮೊದಲೇ ಅವರಿಗೆ ಅದು ತೋಚಿತ್ತು. ನನ್ನ ಬದುಕಿನಲ್ಲಿ ಯಾರೂ ನನ್ನನ್ನು ಅಷ್ಟು ಗೌರವದಿಂದ ನಡೆಸಿಕೊಂಡಿಲ್ಲ.

ಮದುವೆಯ ಫೋಟೋಗಳು ಬಂದಾಗ ನನ್ನ ಕೈ ನಿಂತಿತು. ಅವುಗಳಲ್ಲಿ ಅವನ ಕಡೆಯವರು ತುಂಬಿದ್ದಾರೆ. ನನ್ನ ಅಪ್ಪ, ಅಮ್ಮ ಇಲ್ಲ. ಹೆತ್ತವರಿಲ್ಲದ ಮದುವೆಯನ್ನು ಅಧಿಕಾರಿಗಳು ಅನುಮಾನದಿಂದ ನೋಡುವುದುಂಟು. ಅವರು ಬರಲಿಲ್ಲ ಎಂಬ ನೋವೇ ಸಾಲದೆಂಬಂತೆ, ಆ ಗೈರುಹಾಜರಿ ಈಗ ನಮ್ಮ ವಿರುದ್ಧ ಸಾಕ್ಷಿ ಹೇಳುತ್ತಿತ್ತು. "ಅಮ್ಮ ಒಂದೇ ಒಂದು ಫೋಟೋದಲ್ಲಿ ನಿಂತಿದ್ದರೆ ಸಾಕಿತ್ತು" ಎಂದು ಅದೆಷ್ಟು ಬಾರಿ ಹೇಳಿ ಅತ್ತೆನೋ ತಿಳಿಯದು. ಆ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ, ಅದನ್ನು ಮುಚ್ಚಿಡಲಾರೆ. ಬೆಳಗಾಗುವವರೆಗೂ ಅಕ್ಕ ಎದ್ದು ಹೋಗಲಿಲ್ಲ.

ಬೆಳಿಗ್ಗೆ ಅವರು ತಮ್ಮ ತೆರಿಗೆ ದಾಖಲೆಗಳನ್ನು ತಂದರು, ಸಹಿ ಹಾಕಿದರು. ಕೆಲವು ವಾರಗಳ ನಂತರ ವೀಸಾ ಬಂತು. ಅಪ್ಪ, ಅಮ್ಮ ಈಗ ಅವನ ಜೊತೆ ವಿಡಿಯೋ ಕರೆಯಲ್ಲಿ ಮಾತನಾಡುತ್ತಾರೆ. ಊಟವಾಯಿತೇ ಎಂದು ನನಗಿಂತ ಮೊದಲು ಅವನನ್ನು ಕೇಳುತ್ತಾರೆ. ಆ ಪ್ರಶ್ನೆ ನನಗೆ ಬಹಳ ದೊಡ್ಡದು.

ಕಳೆದ ತಿಂಗಳು ಅಕ್ಕ ಮನೆ ಬದಲಾಯಿಸಿದರು. ಪ್ರಾಯೋಜಕರು ವಿಳಾಸ ಬದಲಿಸಿದರೆ 30 ದಿನಗಳೊಳಗೆ ಐ-865 ಸಲ್ಲಿಸಬೇಕು. ನಾನು ನೆನಪಿಸಲು ಫೋನ್ ಮಾಡಿದರೆ, ಪೆಟ್ಟಿಗೆಗಳನ್ನು ಬಿಚ್ಚುವ ಮೊದಲೇ ಅವರು ಅದನ್ನು ಕಳುಹಿಸಿಯಾಗಿತ್ತು. ಅವನು ಈಗ ಕೆಲಸದಲ್ಲಿದ್ದಾನೆ, ತನ್ನ ತೆರಿಗೆ ತಾನೇ ಕಟ್ಟುತ್ತಾನೆ. ಅಕ್ಕ ಒಂದು ಡಾಲರ್ ಕೂಡ ಕೊಡಬೇಕಾಗಿ ಬಂದಿಲ್ಲ. ಆದರೂ ಕಾಗದದ ಮೇಲೆ ಅವರ ಹೊಣೆ ಹಾಗೆಯೇ ಇದೆ.

ಪೌರರನ್ನು ಮದುವೆಯಾಗಿ ಜೊತೆಗೆ ಬಾಳುತ್ತಿರುವವರು ಗ್ರೀನ್ ಕಾರ್ಡ್ ಸಿಕ್ಕ ಮೂರು ವರ್ಷಕ್ಕೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಅವನು ಆಗಲೇ ಪೌರತ್ವ ಪರೀಕ್ಷೆಯ ಪ್ರಶ್ನೆಗಳನ್ನು ಓದುತ್ತಿದ್ದಾನೆ. ಪ್ರಮಾಣವಚನದ ದಿನ ಗೊತ್ತಾದ ಕೂಡಲೇ ಮೊದಲ ಕರೆ ನಿಮಗೆ, ಅಕ್ಕ. ಆ ದಿನಕ್ಕೆ ರಜೆ ಹಾಕಬೇಕು, ನಮ್ಮ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕು.