ಮಗಳಿಗೊಂದು ಪತ್ರ: ಉಪ್ಪಿನ ಲೆಕ್ಕ, ತಪ್ಪಿನ ಲೆಕ್ಕ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಅತ್ತಿದ್ದು ಮೆನಿಯರ್ಸ್ ಅನ್ನುವ ಕಾಯಿಲೆಯ ಹೆಸರಿಗೆ ಹೆದರಿ ಅಲ್ಲ ಅಂತ ನನಗೆ ಗೊತ್ತಾಯಿತು. "ಅಪ್ಪಾ, ಹಿಂದಿನ ರಾತ್ರಿ ಒಂದು ಪೊಟ್ಟಣ ಚಿಪ್ಸ್ ತಿಂದುಬಿಟ್ಟಿದ್ದೆ, ಅದಕ್ಕೇ ತಲೆಸುತ್ತು ಬಂತು" ಅಂದೆಯಲ್ಲ, ಆ ಮಾತು ನನ್ನನ್ನು ರಾತ್ರಿಯಿಡೀ ಮಲಗಗೊಡಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ನಾನೂ ಹೀಗೇ ಅಂದುಕೊಂಡವನು. ನಿನಗೆ ಎಡಗಿವಿ ಮಂದ, ನನಗೆ ಬಲಗಿವಿ. ಫೋನಿನಲ್ಲಿ ಇಬ್ಬರಿಗೂ ಅರ್ಧರ್ಧ ಕೇಳಿಸುವ ಬದಲು ನಿಧಾನವಾಗಿ ಬರೆಯೋಣ ಅಂತ ಕೂತಿದ್ದೇನೆ.

ಮೆನಿಯರ್ಸ್ ಕಾಯಿಲೆಯಲ್ಲಿ ಒಳಕಿವಿಯೊಳಗೆ ಏನಾಗುತ್ತದೆ ಅನ್ನುವುದನ್ನು ಮೊದಲು ತಿಳಿದುಕೋ. ಕೇಳುವುದಕ್ಕೂ ದೇಹದ ಸಮತೋಲಕ್ಕೂ ಅಲ್ಲಿ ಒಂದಕ್ಕೊಂದು ಕೂಡಿಕೊಂಡ ಕೊಳವೆಗಳಿವೆ. ಅವುಗಳಲ್ಲಿ ಎರಡು ಬಗೆಯ ದ್ರವ, ನಡುವೆ ತೆಳ್ಳಗಿನ ಪೊರೆ. ಒಳಗಿನ ದ್ರವಕ್ಕೆ ಎಂಡೋಲಿಂಫ್ ಅನ್ನುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ತೀರಾ ಕಡಿಮೆ. ಹೊರಗಿನ ದ್ರವದಲ್ಲಿ ಇದು ತಿರುವುಮುರುವು. ನಮ್ಮಂಥವರಲ್ಲಿ ಒಳಗಿನ ದ್ರವ ಹೆಚ್ಚಾಗಿ ಅದನ್ನು ಸುತ್ತಿರುವ ಪೊರೆಯ ಚೀಲ ಉಬ್ಬಿಕೊಳ್ಳುತ್ತದೆ. ಕಿವಿ ಕಟ್ಟಿದ ಹಾಗಾಗುವುದು, ಗುಂಯ್ ಅನ್ನುವುದು, ದಪ್ಪ ದನಿಗಳು ಮಸುಕಾಗುವುದು, ಆಮೇಲೆ ಕೋಣೆಯೇ ಗಿರಗಿರ ತಿರುಗುವುದು ಎಲ್ಲಕ್ಕೂ ಈ ಉಬ್ಬರದ ನಂಟಿದೆ. ಆದರೆ ಅದು ಶುರುವಾಗುವುದು ಯಾಕೆ, ಇಷ್ಟು ದಿನ ಸುಮ್ಮನಿದ್ದದ್ದು ಇವತ್ತೇ ಯಾಕೆ ಕೆರಳಿತು ಅನ್ನುವುದು ವೈದ್ಯರಿಗೂ ಇನ್ನೂ ಪೂರ್ತಿ ಬಿಡಿಸದ ಒಗಟು. ಒಂದು ಪೊಟ್ಟಣ ಚಿಪ್ಸಿನ ಮೇಲೆ ನೀನು ಹೊರಿಸಿರುವ ಭಾರ ಎಷ್ಟು ದೊಡ್ಡದು ನೋಡು.

ಸಾಲದ್ದಕ್ಕೆ, ಇದು ಕಿವಿಯ ಕಾಯಿಲೆ ಅಂತ ಗೊತ್ತಾಗುವುದಕ್ಕೇ ಎಷ್ಟೋ ಕಾಲ ಹಿಡಿಯಿತು. 1861ರಲ್ಲಿ ಪ್ಯಾರಿಸ್ಸಿನ ಕಿವುಡರ ಸಂಸ್ಥೆಯ ವೈದ್ಯ ಪ್ರಾಸ್ಪರ್ ಮೆನಿಯೇರ್ ಇದರ ಮೂಲ ಒಳಕಿವಿಯಲ್ಲಿದೆ ಅಂತ ವಾದಿಸಿದ. ಅಲ್ಲಿಯವರೆಗೆ ಇಂಥ ತಲೆಸುತ್ತನ್ನು ಮಿದುಳಿಗೆ ರಕ್ತ ಏರಿದ್ದರ ಲಕ್ಷಣ ಅಂತಲೇ ನೋಡುತ್ತಿದ್ದರು. ಮರುವರ್ಷವೇ ಆತ ತೀರಿಕೊಂಡ. ಒಳಕಿವಿಯ ಉಬ್ಬರವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದ್ದು 1938ರಲ್ಲಿ.

ಇನ್ನು ಉಪ್ಪು. ಈ ಉಬ್ಬರ ತಗ್ಗಲಿ ಅಂತ ಹೇಳುವ ಕಡಿಮೆ ಉಪ್ಪಿನ ಪಥ್ಯ 1930ರ ದಶಕದಿಂದ ನಡೆದುಬಂದದ್ದು. ಹೆಚ್ಚಿನ ವೈದ್ಯರು ದಿನಕ್ಕೆ 1500ರಿಂದ 2000 ಮಿಲಿಗ್ರಾಂ ಸೋಡಿಯಂ ಒಳಗೆ ಇರು ಅನ್ನುತ್ತಾರೆ. 2000 ಮಿಲಿಗ್ರಾಂ ಅಂದರೆ ಸುಮಾರು 5 ಗ್ರಾಂ ಉಪ್ಪು, ಒಂದು ಟೀ ಚಮಚೆಗೆ ತುಸು ಕಡಿಮೆ. ಎಲ್ಲರ ಆರೋಗ್ಯಕ್ಕೂ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯೂ ಅಷ್ಟೇ. ಹಾಗಾಗಿ ಇದನ್ನು ಶಿಕ್ಷೆ ಅಂದುಕೊಳ್ಳಬೇಡ. ಪೊಟ್ಟಣದ ಮೇಲೆ ಸೋಡಿಯಂ ಎಷ್ಟು ಅಂತ ಬರೆದಿರುತ್ತದೆ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ನಾಲಿಗೆಗೆ ಉಪ್ಪು ಅನ್ನಿಸದ ಬ್ರೆಡ್ಡು, ಬಿಸ್ಕತ್ತು, ಸಾಸ್, ಚೀಸ್, ದಿಢೀರ್ ನೂಡಲ್ಸ್, ಸೂಪಿನ ಪುಡಿಗಳಲ್ಲೇ ಅದು ಹೆಚ್ಚು ಅಡಗಿರುವುದು. ನೀರಿಗೆ ಹಾಕಿದರೆ ಬುಸ್ಸೆಂದು ಕರಗುವ ಮಾತ್ರೆಗಳಲ್ಲೂ ಸೋಡಿಯಂ ಇರುತ್ತದೆ, ನನಗೆ ಇದು ಗೊತ್ತಾದದ್ದು ಬಹಳ ತಡವಾಗಿ. ಸೋಡಿಯಂ ಕಡಿಮೆ ಇರುವ ಉಪ್ಪು ಅಂತ ಮಾರುವುದರಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರಿಗೆ, ರಕ್ತದೊತ್ತಡದ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ನಿನ್ನ ವೈದ್ಯರನ್ನು ಕೇಳದೆ ಅದನ್ನು ಮನೆಗೆ ತರಬೇಡ.

ನಾಲ್ಕು ದಿನ ಉಪ್ಪೇ ಮುಟ್ಟದೆ ಐದನೆಯ ದಿನ ಹೊಟ್ಟೆ ತುಂಬ ಹೊರಗೆ ತಿನ್ನುವುದಕ್ಕಿಂತ ದಿನವೂ ಒಂದೇ ಹದದಲ್ಲಿ ತಿನ್ನುವುದು ಲೇಸು ಅಂತ ನನ್ನ ವೈದ್ಯರು ಹೇಳಿದ್ದರು. ನನ್ನ ಅನುಭವವೂ ಅದೇ. ನೀರನ್ನೂ ಹಾಗೇ, ಬಾಯಾರಿ ಬತ್ತುವವರೆಗೆ ಬಿಡದೆ ಆಗಾಗ ಕುಡಿ. ಕಾಫಿ ಕೆಲವರಿಗೆ ಕಿವಿಯ ಗುಂಯ್ ಸದ್ದನ್ನು ಹೆಚ್ಚಿಸುತ್ತದೆ, ಕೆಲವರಿಗೆ ಏನೂ ಮಾಡುವುದಿಲ್ಲ. ಬಿಡುವುದಾದರೆ ದಿನಕ್ಕೊಂದಿಷ್ಟು ತಗ್ಗಿಸುತ್ತಾ ಬಾ, ಥಟ್ಟನೆ ನಿಲ್ಲಿಸಿದರೆ ತಲೆನೋವು ಬಂದು ಯಾವುದು ಯಾವುದರಿಂದ ಅಂತ ಗೊತ್ತಾಗದೆ ಹೋಗುತ್ತದೆ. ಮದ್ಯವೂ ಸಿಗರೇಟೂ ಬೇಡ, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದನ್ನೂ ನಿನ್ನಿಂದ ಮುಚ್ಚಿಡಬಾರದು. ಉಪ್ಪು, ಕಾಫಿ, ಮದ್ಯ ಕಡಿಮೆ ಮಾಡಿದರೆ ಈ ಕಾಯಿಲೆ ತಗ್ಗುತ್ತದೆಯೇ ಅಂತ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಹಾಕಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯವರು 2018ರಲ್ಲಿ ಪರಿಶೀಲಿಸಿದಾಗ, ಸರಿಯಾಗಿ ಹೋಲಿಸಿ ನೋಡಿದ ಒಂದು ಪ್ರಯೋಗವೂ ಅವರಿಗೆ ಸಿಗಲಿಲ್ಲ. ಪಥ್ಯದಿಂದ ಉಪಯೋಗವಿಲ್ಲ ಅಂತ ಇದರ ಅರ್ಥವಲ್ಲ. ಹಾನಿಯಿಲ್ಲ, ಹಲವರಿಗೆ ಹಗುರಾಗಿದೆ, ಅದಕ್ಕೇ ವೈದ್ಯರು ಇಂದಿಗೂ ಹೇಳುತ್ತಾರೆ. ಆದರೆ ಪಥ್ಯ ತಪ್ಪಿದ್ದಕ್ಕೇ ಸುತ್ತು ಬಂತು ಅಂತ ಯಾರೂ ನಿನ್ನತ್ತ ಬೆರಳು ತೋರಿಸುವಂತಿಲ್ಲ, ನೀನೂ ತೋರಿಸಿಕೊಳ್ಳುವಂತಿಲ್ಲ.

ಈ ಮನೆಯಲ್ಲಿ ಏನಾಯಿತು ಅಂತ ನಿನಗೆ ಪೂರ್ತಿ ಗೊತ್ತಿಲ್ಲ, ಆಗ ನೀನು ಹಾಸ್ಟೆಲಿನಲ್ಲಿದ್ದೆ. ಎರಡು ವರ್ಷ ನಿನ್ನ ಅಮ್ಮ ನನ್ನ ಅಡುಗೆಗೆ ಉಪ್ಪನ್ನು ಅಳೆದು ಹಾಕಿದಳು. ನನ್ನ ಪಾತ್ರೆ ಬೇರೆ, ಸೌಟು ಬೇರೆ. ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಾಗದ ಹಾಗೆ ಸುತ್ತು ಬಂತು, ಮೂರು ಗಂಟೆ ವಾಂತಿ. ನನ್ನ ತಲೆ ಹಿಡಿದುಕೊಂಡೇ ಅವಳು ಕೇಳಿದ್ದು, "ನಿನ್ನೆ ನಾನೇನಾದರೂ ಹೆಚ್ಚು ಹಾಕಿಬಿಟ್ಟೆನಾ?" ನಾನು ಸುಮ್ಮನಿದ್ದೆ. ಇಲ್ಲ ಅಂತ ಹೇಳಬೇಕಿತ್ತು. ಆ ಮೌನಕ್ಕೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಆಮೇಲೆ ನಾನೊಂದು ನೋಟ್‌ಬುಕ್ ಇಟ್ಟೆ. ಮೊದಮೊದಲು ಸುತ್ತು ಬಂದ ದಿನ ಮಾತ್ರ ಹಿಂದಿನ ದಿನ ತಿಂದದ್ದನ್ನು ಬರೆಯುತ್ತಿದ್ದೆ. ಹಾಗೆ ಬರೆದರೆ ತಿಂದದ್ದೆಲ್ಲ ಅಪರಾಧಿಯಾಗಿ ಕಾಣುತ್ತದೆ. ಏನೂ ಆಗದ ದಿನಗಳನ್ನೂ ಬರೆಯಲು ಶುರುಮಾಡಿದ ಮೇಲೆ ಚಿತ್ರ ಬದಲಾಯಿತು. ಉಪ್ಪು ಜಾಸ್ತಿಯಾದ ಎಷ್ಟೋ ದಿನ ನಾನು ನೆಟ್ಟಗಿದ್ದೆ. ಸುತ್ತು ಬಂದ ದಿನಗಳ ಹಿಂದೆ ಮತ್ತೆ ಮತ್ತೆ ಕಂಡದ್ದು ನಿದ್ದೆಗೆಟ್ಟ ಎರಡು ಮೂರು ರಾತ್ರಿಗಳು. ನಿದ್ದೆಗೆಟ್ಟ ವಾರ ಉಪ್ಪೂ ಹೆಚ್ಚಾದರೆ ಇನ್ನೂ ಕಷ್ಟ. ನಿನ್ನದು ಬೇರೆಯೇ ಇರಬಹುದು. ಕೆಲವರಿಗೆ ಮುಟ್ಟಿನ ಮುಂಚಿನ ದಿನಗಳು, ಕೆಲವರಿಗೆ ಅಲರ್ಜಿ, ಕೆಲವರಿಗೆ ಹವೆಯ ಒತ್ತಡ ಏರಿಳಿದಾಗ. ನಿನಗೆ ಮೊದಲಿನಿಂದ ಅರೆತಲೆನೋವು ಇದೆಯಲ್ಲ, ಅದನ್ನು ಮರೆಯದೆ ವೈದ್ಯರಿಗೆ ಹೇಳು. ಎರಡೂ ಒಟ್ಟಿಗಿರುವುದು ಸಾಮಾನ್ಯ, ಒಂದನ್ನು ಇನ್ನೊಂದು ಅಂತ ತಿಳಿಯುವುದೂ ಉಂಟು. ಮಾನಸಿಕ ಒತ್ತಡವನ್ನೂ ಬರೆ. ಒತ್ತಡದಿಂದ ಸುತ್ತು ಬಂತೋ, ಸುತ್ತು ಬಂದೀತೆಂಬ ಭಯದಿಂದ ಒತ್ತಡವೋ ಅಂತ ಬಿಡಿಸುವುದು ಕಷ್ಟ, ಆದರೂ ಬರೆ.

ಸುತ್ತು ಎಷ್ಟು ಹೊತ್ತು ಇತ್ತು ಅನ್ನುವುದು ಮುಖ್ಯ. ಈ ಕಾಯಿಲೆಯದು ಸಾಮಾನ್ಯವಾಗಿ 20 ನಿಮಿಷದಿಂದ 12 ಗಂಟೆಯವರೆಗೆ. ಕಿವಿ ಕಟ್ಟಲು ಶುರುವಾದರೆ ಗಾಡಿ ಓಡಿಸಬೇಡ, ಮೆಟ್ಟಿಲು ಹತ್ತಬೇಡ, ಇದ್ದಲ್ಲೇ ಮಲಗಿ ಅಲುಗಾಡದ ಒಂದು ವಸ್ತುವಿನ ಮೇಲೆ ಕಣ್ಣು ನೆಡು. ಮಾತು ತೊದಲಿದರೆ, ಕೈಕಾಲು ಸೋತರೆ, ಒಂದು ಎರಡಾಗಿ ಕಂಡರೆ ಅದನ್ನು ಮೆನಿಯರ್ಸ್ ಅಂತ ಅಂದುಕೊಂಡು ಕೂರಬೇಡ, ಆ ಕ್ಷಣವೇ ಆಸ್ಪತ್ರೆಗೆ ಹೋಗು.

ಇದರ ಜೊತೆ ನನ್ನ ಹಳೆಯ ನೋಟ್‌ಬುಕ್ಕನ್ನೂ, ನಿನಗಾಗಿ ಹೊಸದೊಂದನ್ನೂ ಕಳಿಸುತ್ತಿದ್ದೇನೆ. ಹೊಸದರ ಮೊದಲ ಪುಟದಲ್ಲಿ ಚಿಪ್ಸ್ ಅಂತ ಬರೆದು ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕು. ಆ ವಾರ ಎಷ್ಟು ಹೊತ್ತಿಗೆ ಮಲಗುತ್ತಿದ್ದೆ ಅನ್ನುವುದನ್ನೂ ಅದರ ಕೆಳಗೆ ನೆನಪಿಸಿಕೊಂಡು ಬರೆ.

ನಿನ್ನ,
ಅಪ್ಪ