ಪಾಂಬನ್ ಸೇತುವೆಯ ಉಕ್ಕು ಕಾಯುವವರಿಗೆ ನಮ್ಮ ಧನ್ಯವಾದ

ತಮಿಳುನಾಡಿನ ದಡವನ್ನು ರಾಮೇಶ್ವರ ದ್ವೀಪಕ್ಕೆ ಜೋಡಿಸುವ ಕಡಲ ರೈಲು ಸೇತುವೆ, ಪಾಂಬನ್ ಹೊಸ ಸೇತುವೆ, 2025ರ ಏಪ್ರಿಲ್ 6ರಂದು ಉದ್ಘಾಟನೆಯಾಯಿತು. 2022ರ ಡಿಸೆಂಬರಿನಿಂದ ಈಚೆ ದಡದಲ್ಲೇ ನಿಲ್ಲುತ್ತಿದ್ದ ರೈಲುಗಳು ಮತ್ತೆ ರಾಮೇಶ್ವರ ಮುಟ್ಟಿದವು. ನೆಟ್ಟಗೆ ಮೇಲೇಳುವ 72.5 ಮೀಟರ್ ಉದ್ದದ ಅಂಕಣವನ್ನು ಎಲ್ಲರೂ ಹೊಗಳಿದ್ದಾರೆ, ಹೊಗಳಲೇಬೇಕು. ಉಕ್ಕನ್ನು ತುಕ್ಕಿನಿಂದ ಕಾಯುವ ಕಸುಬಿನ ನಾವು ಇನ್ನೂ ಕೆಲವರಿಗೆ ಕೈಮುಗಿಯಬೇಕಿದೆ. ಗ್ರಿಟ್ ಎಂಬ ಗಡಸು ಕಣಗಳನ್ನು ರಭಸದಿಂದ ಹೊಡೆದು ಉಕ್ಕನ್ನು ಶುಚಿಗೊಳಿಸಿದವರು, ಸತುವು ಸಿಂಪಡಿಸಿದವರು, ಮೂಲೆಮೂಲೆಗೆ ಬ್ರಷ್ ಆಡಿಸಿದವರು, ತೇವ ಅಳೆದು ‘ಇವತ್ತು ಬೇಡ’ ಎನ್ನುವ ಇನ್‌ಸ್ಪೆಕ್ಟರುಗಳು.

ಮೊದಲ ನಮಸ್ಕಾರ ಪಕ್ಕದ ಹಳೆಯ ಸೇತುವೆಯನ್ನು ಕಾಯ್ದವರಿಗೆ. 1914ರಲ್ಲಿ ತೆರೆದ ಆ ಸೇತುವೆ 1964ರ ಚಂಡಮಾರುತಕ್ಕೆ ಸಿಕ್ಕಿ, 46 ದಿನಗಳಲ್ಲಿ ಮತ್ತೆ ನಿಂತಿತು. ಅದು ರಿವೆಟ್ ಜೋಡಣೆಯದು, ಅಂದರೆ ತಗಡುಗಳನ್ನು ಲೋಹದ ಗುಬ್ಬಿಮೊಳೆಗಳಿಂದ ಬಿಗಿದದ್ದು. ಒಂದರ ಮೇಲೊಂದು ಕೂತ ತಗಡುಗಳ ಸಂದಿಗೆ ಉಪ್ಪುನೀರು ಇಳಿದರೆ ಒಳಗೇ ತುಕ್ಕು ಬೆಳೆಯುತ್ತದೆ. ತಿಂದ ಉಕ್ಕಿಗಿಂತ ತುಕ್ಕಿನ ಗಾತ್ರ ಹಲವು ಪಟ್ಟು ಹೆಚ್ಚು; ಅದು ತಗಡುಗಳನ್ನು ಅಗಲಿಸಿ ರಿವೆಟ್ಟನ್ನೇ ಜಗ್ಗುತ್ತದೆ. ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ಆದ್ದರಿಂದಲೇ ಹೊಸ ಸೇತುವೆಯಲ್ಲಿ ವೆಲ್ಡಿಂಗ್ ಜೋಡಣೆಯನ್ನೇ ಆರಿಸಿದ್ದು ನಮಗೆ ದೊಡ್ಡ ಸಮಾಧಾನ.

ಮಳೆಯಿಲ್ಲದ ರಾತ್ರಿಯಲ್ಲೂ ಅಲ್ಲಿನ ಉಕ್ಕು ಒದ್ದೆ. ಗಾಳಿಯ ಆರ್ದ್ರತೆ ಶೇ 75 ದಾಟಿದರೆ ಅಡುಗೆ ಉಪ್ಪು ನೀರೊಡೆಯುತ್ತದೆ; ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ 35ರ ಆಸುಪಾಸು ಸಾಕು. ಮಳೆ ತೊಳೆಯದ ಅಡಿಭಾಗವೇ ಬೇಗ ಹಾಳಾಗುವುದು ಇದರಿಂದ.

ಹೊಸ ಸೇತುವೆಯ ರಕ್ಷಣೆ ಮೂರು ಪದರದ್ದು: 200 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ಸತುವು, 25 ಮೈಕ್ರಾನ್ ಎಪಾಕ್ಸಿ ಎಂಬ ಅಂಟುರಾಳದ ಬಣ್ಣ, ಮೇಲೆ 125 ಮೈಕ್ರಾನ್ ಪಾಲಿಸಿಲೋಕ್ಸೇನ್ ಎಂಬ ಸಿಲಿಕಾನ್ ಆಧಾರಿತ ಬಣ್ಣ. ಉಕ್ಕಿಗಿಂತ ಮೊದಲು ತಾನು ಸವೆಯುವುದು ಸತುವಿನ ಕೆಲಸ. ಸಿಂಪಡಿಸಿದ ಸತುವು ಸ್ಪಂಜಿನ ಹಾಗೆ ರಂಧ್ರಮಯ. ಅದರ ಮೇಲೆ ದಪ್ಪ ಬಣ್ಣ ಬಳಿದರೆ ಒಳಗಿನ ಗಾಳಿ ಗುಳ್ಳೆಯೆದ್ದು ಸೂಜಿರಂಧ್ರ ಬಿಡುತ್ತದೆ. ಆದ್ದರಿಂದ ತೆಳು ಎಪಾಕ್ಸಿ ಮೊದಲು ಒಳಗಿಳಿಯಬೇಕು. ಎಪಾಕ್ಸಿ ಬಿಸಿಲಿಗೆ ಸೀಮೆಸುಣ್ಣದಂತೆ ಪುಡಿಯಾಗುವುದರಿಂದ ಮೇಲೆ ಪಾಲಿಸಿಲೋಕ್ಸೇನ್. ಅದರ ಸಿಲಿಕಾನ್–ಆಮ್ಲಜನಕ ಬಂಧ ನೇರಳಾತೀತ ಕಿರಣಕ್ಕೆ ಸುಲಭವಾಗಿ ಮುರಿಯದು. ನಿರ್ವಹಣೆಯಿಲ್ಲದೆಯೂ 38 ವರ್ಷ ಎನ್ನುವುದು ಇದರ ಮೇಲಿಟ್ಟ ಲೆಕ್ಕ.

ಆ ಲೆಕ್ಕ ನಿಲ್ಲುವುದು ಬಣ್ಣದ ಡಬ್ಬಿಯ ಮೇಲಲ್ಲ, ಅದಕ್ಕೂ ಮೊದಲಿನ ಬೆವರಿನ ಮೇಲೆ. ಚೂಪು ಅಂಚಿನಲ್ಲಿ ಬಣ್ಣ ನಿಲ್ಲದೆ ಜಾರುತ್ತದೆ, ಹಾಗಾಗಿ ಅಂಚನ್ನು 2 ಮಿ.ಮೀ. ತ್ರಿಜ್ಯಕ್ಕೆ ಉಜ್ಜಬೇಕು. ವೆಲ್ಡಿಂಗ್ ಕಿಡಿಯ ಗುಂಡುಗಳನ್ನು ಕೆತ್ತಬೇಕು. ಬ್ಲಾಸ್ಟಿಂಗ್‌ಗೆ, ಅಂದರೆ ಗ್ರಿಟ್ ಹೊಡೆಯುವುದಕ್ಕೆ, ಮುಂಚೆ ಜಿಡ್ಡು ಮತ್ತು ಉಪ್ಪನ್ನು ಸಿಹಿನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಗ್ರಿಟ್ ಅದನ್ನೇ ಉಕ್ಕಿಗೆ ಬಡಿದು ಕೂರಿಸುತ್ತದೆ. ಉಕ್ಕಿನ ತಾಪ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಹನಿಯಾಗಿ ಕೂರುವ ತಾಪಕ್ಕಿಂತ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಬ್ಲಾಸ್ಟಿಂಗ್ ಮುಗಿದ 4 ಗಂಟೆಯೊಳಗೆ ಸತುವು ಏರಬೇಕು. ಕಡಲಂಚಿನಲ್ಲಿ ಅಷ್ಟೂ ಹೊತ್ತು ಕಾಯುವ ಹಾಗಿಲ್ಲ. ವೆಲ್ಡ್, ಬೋಲ್ಟ್ ತಲೆ, ಅಂಚುಗಳಿಗೆ ಬಣ್ಣದ ಸ್ಪ್ರೇಗೆ ಮೊದಲೇ ಕೈಯಿಂದ ಒಂದು ಕೋಟು ಬಣ್ಣ. ಇಷ್ಟನ್ನೂ ಬಿಸಿಲಲ್ಲಿ, ಹೆಲ್ಮೆಟ್ಟಿನೊಳಗೆ ಉಸಿರು ಕಟ್ಟಿಕೊಂಡು ಮಾಡುವವರ ಹೆಸರು ಯಾವ ಫಲಕದಲ್ಲೂ ಬರುವುದಿಲ್ಲ.

2024ರ ನವೆಂಬರಿನ ವರದಿಯಲ್ಲಿ ತುಕ್ಕಿನ ಬಗ್ಗೆ ಮುಲಾಜಿಲ್ಲದೆ ಎಚ್ಚರಿಸಿದ ರೈಲ್ವೆ ಸುರಕ್ಷತಾ ಆಯುಕ್ತರಿಗೂ ನಾವು ಋಣಿ. ಉದ್ಘಾಟನೆಯ ಅವಸರದಲ್ಲಿ ಅಂಥ ಮಾತು ಬರೆಯುವವರು ಬೇಕು.

ಇನ್ನು ಮುಂದೆ ಸೇತುವೆಯನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಮುಂಗಡ ಧನ್ಯವಾದ, ಜೊತೆಗೆ ಒಂದು ಕೋರಿಕೆ. ಬೇರಿಂಗ್ (ತೊಲೆ ಕಂಬದ ಮೇಲೆ ಕೂರುವ ಆಧಾರ) ಸುತ್ತ, ತೊಲೆಯ ಕೆಳಪಟ್ಟಿಯ ತಳದಲ್ಲಿ, ಹಕ್ಕಿ ಹಿಕ್ಕೆ ಕೂರುವ ಸಂದಿಗಳಲ್ಲಿ ಮೊದಲು ಕಣ್ಣಾಡಿಸಿ. ಗೀರು ಕಂಡರೆ ಅದರ ಮೇಲೆಯೇ ಬಣ್ಣ ಬಳಿಯಬೇಡಿ. ಸಿಹಿನೀರಲ್ಲಿ ತೊಳೆದು, ಹೊಳೆಯುವ ಉಕ್ಕು ಕಾಣುವವರೆಗೆ ಉಜ್ಜಿ, ಸತುವು ತುಂಬಿದ ಎಪಾಕ್ಸಿ ಹಾಕಿ, ಅದು ಒಣಗಿದ ಮೇಲೆ ಪಾಲಿಸಿಲೋಕ್ಸೇನ್ ಕೊಡಿ.